ಹಿಂಕು ಬೇಡ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಭಾರತೀನಗರದ ಠಾಣೆಗೆ ಒಬ್ಬ ಹೆಂಗಸು ಪ್ರಿಂಟರ್ ವಿಷಯಕ್ಕೆ ದೂರು ಹಿಡಿದು ಬಂದಳು. ಕಬ್ಬಿನ ಟ್ರ್ಯಾಕ್ಟರ್ ಗುದ್ದಿದ್ದು, ಪಂಪ್‌ಸೆಟ್ ಕೇಬಲ್ ಕಳವು, ಬದುವಿನ ಜಗಳ, ಇಂಥವಕ್ಕೆ ಪಳಗಿದ್ದ ಕಾನ್‌ಸ್ಟೆಬಲ್ ನಾಗಮಣಿ ಇದನ್ನು ಯಾವ ಲೆಕ್ಕಕ್ಕೆ ಸೇರಿಸುವುದೋ ತಿಳಿಯದೆ ಇನ್‌ಸ್ಪೆಕ್ಟರ್ ಅಶೋಕ್ ಕೋಣೆಗೆ ಕಳಿಸಿದಳು.

ದೂರುದಾರಳು ಮಂಜುಶ್ರೀ. ಗಂಡ ಮಂಡ್ಯದಲ್ಲಿ ನೌಕರ. ಈಕೆ ಮನೆಯಲ್ಲೇ ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದ ಟ್ಯೂಷನ್ ಹೇಳುತ್ತಾಳೆ. ಅಭ್ಯಾಸದ ಹಾಳೆಗಳನ್ನೆಲ್ಲ ಮನೆಯ ಪ್ರಿಂಟರಿನಲ್ಲೇ ತೆಗೆಯುತ್ತಾಳೆ.

"ಒಂದು ತಿಂಗಳಿಂದ ಸಂಜೆಯಾದರೆ ವೈಫೈ ಹೋಗ್ತಿತ್ತು ಸಾರ್. ಹೆಲ್ಪ್‌ಲೈನಿನವರು ಆಫ್ ಮಾಡಿ ಆನ್ ಮಾಡಿ ಅಂದ್ರು, ಮಾಡ್ದೆ. ಗುರುವಾರದಿಂದ ಪ್ರಿಂಟರೇ ಪೂರ್ತಿ ನಿಂತಿದೆ. ಕೇಳಿದ್ರೆ, ಇಂಕಿನ ಚಂದಾ ನೀವೇ ರದ್ದು ಮಾಡಿದ್ದೀರಲ್ಲ ಮೇಡಂ ಅಂತಾರೆ. ನಾನು ಮಾಡಿಲ್ಲ!"

"ಪ್ರಿಂಟರಿನಲ್ಲಿ ಇಂಕಿಲ್ವಾ?"

"ತುಂಬಿದೆ ಸಾರ್. ಆದರೆ ಆ ಇಂಕು ಕಂಪನಿಯದು. ತಿಂಗಳ ಚಂದಾ ಕಟ್ಟಿದ್ರೆ ಅವರೇ ಕಳಿಸ್ತಾರೆ. ಚಂದಾ ನಿಂತರೆ, ಇಂಕಿದ್ರೂ ಅಲ್ಲಿಂದಲೇ ಪ್ರಿಂಟರ್ ಬಂದ್ ಮಾಡ್ತಾರೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂಥ ಈ ವ್ಯವಹಾರ ಅಶೋಕನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಂಪನಿಯವರು ಹೇಳುವಂತೆ, ರದ್ದು ಮಾಡಲು ಮಂಜುಶ್ರೀಯ ಫೋನಿನಿಂದಲೇ ಕರೆ ಹೋಗಿದೆ, ಅದಕ್ಕೆ ಬಂದ ಒಟಿಪಿಯನ್ನೂ ಓದಿ ಹೇಳಿದ್ದಾರೆ. ಅಂದರೆ ಮನೆಯೊಳಗಿದ್ದವರೇ ಯಾರೋ ಈಕೆಯ ಹೆಸರಿನಲ್ಲಿ ಮಾತಾಡಿದ್ದಾರೆ. ಸೋಗು ಹಾಕಿ ವಂಚಿಸಿದ್ದು ಅಪರಾಧವೇ.

"ಯಾರ ಮೇಲೆ ಗುಮಾನಿ?"

"ವೀಣ. ನನ್ನ ಟ್ಯೂಷನ್‌ಗೆ ಸಹಾಯಕ್ಕೆ ಬರ್ತಾಳೆ. ಆ ಹೊತ್ತಿಗೆ ನಾನು ಟೆರೇಸಿನಲ್ಲಿದ್ದೆ, ಫೋನು ಅವಳ ಹತ್ರಾನೇ ಇತ್ತು. ಅವಳ ಹೆಸರು ಹಾಕ್ಕೊಳ್ಳಿ ಸಾರ್."

ವೀಣಳ ಹೆಸರು ಅಶೋಕನ ಮೇಜಿನ ಮೇಲೆ ಆಗಲೇ ಇತ್ತು. ಮಳವಳ್ಳಿಯ ವಸತಿ ಶಾಲೆಯಲ್ಲಿ ಅವಳಿಗೆ ಟೀಚರ್ ಕೆಲಸವಾಗಿತ್ತು. ನಡತೆಯ ಬಗ್ಗೆ ಪೊಲೀಸ್ ವರದಿ ಈ ಶನಿವಾರದೊಳಗೆ ಹೋಗಬೇಕಿತ್ತು. ಎಫ್‌ಐಆರ್‌ನಲ್ಲಿ ಹೆಸರು ಬಿದ್ದರೆ ಕೆಲಸ ಹೋಯಿತೆಂದೇ ಲೆಕ್ಕ.

"ಹೆಸರು ಹಾಕೋದು ಸುಲಭ ಕಣಮ್ಮ, ಅಳಿಸೋದು ಕಷ್ಟ," ಎಂದ ಅಶೋಕ್, ಆರೋಪಿ ಅಪರಿಚಿತ ಎಂದೇ ಎಫ್‌ಐಆರ್ ಮಾಡಿಸಿದ. ಗುಮಾನಿಯ ಮಾತು ಮಂಜುಶ್ರೀಯ ಹೇಳಿಕೆಯಲ್ಲಿ ಉಳಿಯಿತು.

ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ ನಡೆಯಿತು. ಪ್ರಿಂಟರ್ ಮೇಲೆ ಕೆಂಪು ದೀಪ, ಒಳಗೆ ಇಂಕು ಭರ್ತಿ. ಗೋಡೆಯಲ್ಲಿ ಬುದ್ಧನ ಫೋಟೊ, ಅದರ ಕೆಳಗಿನ ಹಲಗೆಯಲ್ಲಿ ವೈಫೈ ಡಬ್ಬಿ. ಅದರ ಸ್ವಿಚ್ ಪಕ್ಕದ ದಿವಾನಿನ ಮೇಲೆ ಕೂತವರ ಕೈಗೆಟಕುವಂತಿತ್ತು. ದಿವಾನಿನ ಮೇಲೆ ಮಂಜುಶ್ರೀಯ ಅತ್ತೆ ಚಿಕ್ಕಮಾದಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಪೊಲೀಸರಿಗೆ ನೀರು ಕೊಟ್ಟು ಮತ್ತೆ ಸುಲಿಯಲು ಕೂತಳು.

ಸಂಜೆ ವೀಣಳನ್ನು ಅವಳ ಮನೆಯಲ್ಲೇ ವಿಚಾರಿಸಿದರು.

"ಗುರುವಾರ ಫೋನ್ ನಿನ್ನ ಹತ್ತಿರ ಇತ್ತಾ?"

"ಇತ್ತು ಸಾರ್. ಮೆಸೇಜ್ ಕಳಿಸಿ ದಿವಾನಿನ ಮೇಲಿಟ್ಟು ಮಕ್ಕಳ ಹತ್ರ ಹೋದೆ."

"ಚಂದಾ ನಿಲ್ಲಿಸಿದ್ದು ನೀನೇ ಅಂತಾರಲ್ಲ?"

"ನಾನ್ಯಾಕೆ ನಿಲ್ಲಿಸ್ಲಿ ಸಾರ್? ಬರೋ ತಿಂಗಳು ನಾನೇ ಇಲ್ಲಿರಲ್ಲ." ಅಷ್ಟು ಹೇಳಿ ಅವಳು ಅಳತೊಡಗಿದಳು. ನಾಗಮಣಿ ಬರೆಯುವುದನ್ನು ನಿಲ್ಲಿಸಿ ಬೇರೆ ಕಡೆ ನೋಡಿದಳು.

ಕಂಪನಿಯಿಂದ ಆ ಕರೆಯ ರೆಕಾರ್ಡಿಂಗ್ ಬುಧವಾರ ಬಂತು. ಇಬ್ಬರೂ ಕೂತು ಕೇಳಿದರು. ಹೆಂಗಸಿನ ದನಿ ಬಿಗಿಯಾಗಿ, ಒಂದೊಂದೇ ಮಾತು ಎತ್ತಿಡುತ್ತಿತ್ತು: "ನಾನು ಮಂಜುಶ್ರೀ. ನಮಗೆ ಹಿಂಕು ಬೇಡ. ಹೀ ತಿಂಗಳಿಂದಲೇ ನಿಲ್ಸಿ. ಹೊಟಿಪಿ ಬಂತು, ಹೋದ್ತೀನಿ ಬರ್ಕಳಿ."

ನಾಗಮಣಿ ಕಿಸಕ್ಕನೆ ನಕ್ಕಳು. "ಹಿಂಕಂತೆ! ಹೊಟಿಪಿಯಂತೆ ಸಾರ್!"

ಅಶೋಕ್ ನಗಲಿಲ್ಲ. ಅವನು ಇನ್‌ಸ್ಪೆಕ್ಟರ್ ಆದ ಹೊಸತರಲ್ಲಿ ಅವನ ಅವ್ವನೂ ನೆಂಟರ ಮುಂದೆ 'ಹಿನ್‌ಸ್ಪೆಕ್ಟರು' ಎನ್ನುತ್ತಿದ್ದಳು. "ನೋಡು ನಾಗಮಣಿ, ಹ ಬರೋರು ಈ ತಪ್ಪು ಮಾಡಲ್ಲ. ಹ ಬಿಟ್ಟು ಮಾತಾಡೋ ನಮ್ಮ ಜನ ನೆಮ್ಮದಿಯಾಗಿ ಇಂಕು ಅಂತಲೇ ಅಂತಾರೆ. ನಿನಗೆ ಹ ಬರಲ್ಲ ಅಂತ ಯಾರಿಂದಲೋ ದಿನಾ ಹೇಳಿಸ್ಕೊಂಡೋರು ಮಾತ್ರ ಎಲ್ಲದಕ್ಕೂ ಹ ಹಚ್ಚೋದು. ವೀಣ ಸರಿಯಾಗಿ ಮಾತಾಡ್ತಾಳೆ. ಆ ಮನೇಲಿ ಇನ್ಯಾರಿದಾರೆ?"

ನಾಗಮಣಿ ನಗು ನಿಲ್ಲಿಸಿದಳು. "ಅಜ್ಜಿ ಸಾರ್."

ಅರವತ್ತು ದಾಟಿದ ಹೆಂಗಸನ್ನು ವಿಚಾರಣೆಗೆಂದು ಠಾಣೆಗೆ ಕರೆಸುವಂತಿಲ್ಲ. ಅವರೇ ಹೋದರು. ಮಂಜುಶ್ರೀ ಒಳಗೆ ಟೀ ಕಾಯಿಸುತ್ತಿದ್ದಳು. ಅಶೋಕ್ ದಿವಾನಿನ ಎದುರು ಕುರ್ಚಿ ಎಳೆದುಕೊಂಡ.

"ಅಜ್ಜಿ, ವೀಣನ ಕೆಲಸ ಹೋಗೋ ಹಂಗದೆ."

"ಯಾಕಪ್ಪ? ಅವ್ಳೇನ್ ಮಾಡವ್ಳೆ?"

"ಇಂಕು ನಿಲ್ಲಿಸಿದ್ದು ಅವಳೇ ಅಂತ ನಿಮ್ಮ ಸೊಸೆ ಹೇಳಿಕೆ ಕೊಟ್ಟವ್ರೆ."

ಚಿಕ್ಕಮಾದಮ್ಮ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. "ಅಯ್ಯೋ ಅನ್ಯಾಯ್ವೇ! ಆ ಉಡ್ಗಿ ಬಾಯ್ಗೆ ಮಣ್ಣಾಕ್‌ಬ್ಯಾಡಿ ಕಣಪ್ಪ. ಪೋನ್ ಮಾಡಿದ್ದು ನಾನು. ಸಂಜೆ ಒತ್ತು ಆ ಡಬ್ಬಿ ಆರುಸ್ತಿದ್ದೋಳೂ ನಾನೇ."

"ಚಂದಾ ನಿಲ್ಲಿಸೋದು ಹೆಂಗೆ ಗೊತ್ತಾಯ್ತು?"

"ಎಲ್ಪ್‌ಲೈನ್‌ನೋರು ಕಾಯ್ಸುವಾಗೆಲ್ಲ 'ಇಡ್ಕೊಂಡಿರಿ ಅತ್ತೆ' ಅಂತ ನನ್ ಕೈಗೇ ಕೊಡ್ತಿದ್ಲು. ಕೇಳಿ ಕೇಳಿ ಕಲ್ತೆ."

"ಯಾಕಜ್ಜಿ?"

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. "ನಮ್ಮ ಮೊಮ್ಮಗಳು ಅಮೃತ ಉಟ್ದಾಗ್ನಿಂದ ನನ್ ಮಗ್ಗುಲಲ್ಲೇ ಮಲಗ್ತಿತ್ತು. ಕತೆ ಯೋಳ್ದೆ ಕಣ್ ಮುಚ್ತಿರ್ಲಿಲ್ಲ. ಆ ಮಿಸಿನ್ ಬಂತು ನೋಡಿ, ದಿನಾ ಹ ಹ ಹ ಅಂತ ಕಾಗ್ದ ಉಗುಳ್ತು. ಈಗ ಉಲಿ ಕತೆ ಸುರು ಮಾಡುದ್ರೆ, 'ಉಲಿ ಅಲ್ಲ ಅಜ್ಜಿ, ಹುಲಿ' ಅಂತದೆ. ಒಂದೊಂದ್ ಮಾತಿಗೂ ತಿದ್ತದೆ. ನಾನೂ ಕಲ್ತೆ ಕಣಪ್ಪ, ಬಚ್ಚಲಲ್ಲಿ ನಿಂತ್ಕಂಡ್ ಕಲ್ತೆ. ಹಾನೆ ಅಂದೆ ಅಂತ ನಗ್ತು. ನಗ್ಲಿ ಬುಡಿ, ಮಗ. ಆದ್ರೆ ಈಗ ಕತೆನೇ ಕೇಳಕ್ಕಿಲ್ಲ. ಅವ್ರಮ್ಮನ್ ತಾವ ಓಗಿ ಮಲಗ್ತದೆ. ಕಾಗ್ದ ನಿಂತ್ರೆ ಬತ್ತದೇನೋ ಅಂದ್ಕಂಡೆ."

ಮಂಜುಶ್ರೀ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಅತ್ತೆ, ನನಗೆ ಒಂದು ಮಾತು ಹೇಳಬಾರದಿತ್ತಾ?"

"ಬಾಯ್ ಬುಟ್ರೆ ನೀನೂ ತಿದ್ತಿದ್ದಲ್ಲವ್ವ."

ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದಳು ಮಂಜುಶ್ರೀ. ಎಫ್‌ಐಆರ್ ಆದ ಮೇಲೆ ಅದು ಠಾಣೆಯ ಕೈಯಲ್ಲಿಲ್ಲ, ರಾಜಿಯೇನಿದ್ದರೂ ಮದ್ದೂರು ಕೋರ್ಟಿನಲ್ಲಿ ಎಂದು ಅಶೋಕ್ ಹೇಳಿದ. ಮಧ್ಯಾಹ್ನ ಮೂರೂಕಾಲಿಗೆ ನಾಗಮಣಿಯ ಸಮಕ್ಷಮ ಮನೆಯಲ್ಲೇ ಅಜ್ಜಿಯ ಬಂಧನ ತೋರಿಸಿ, ಅಲ್ಲೇ ಜಾಮೀನು ಕೊಟ್ಟರು. ಜಾಮೀನಿಗೆ ಯಾರು ಎಂಬ ಮಾತು ಬಂದಾಗ, ಸುದ್ದಿ ತಿಳಿದು ಓಡಿ ಬಂದಿದ್ದ ವೀಣ ಪೆನ್ನು ಕೇಳಿದಳು.

"ನೀನ್ಯಾಕಮ್ಮ? ಇವರಿಂದಲೇ ಅಲ್ವಾ ನಿನಗೆ ಇಷ್ಟೆಲ್ಲ ಆಗಿದ್ದು?" ಎಂದಳು ನಾಗಮಣಿ.

"ಅಜ್ಜಿ ನನ್ನ ಹೆಸರು ಹೇಳಿರಲಿಲ್ಲವಲ್ಲ ಮೇಡಂ."

ಮಂಜುಶ್ರೀ ತಲೆ ತಗ್ಗಿಸಿದಳು. ವೀಣಳ ವರದಿಗೆ ನಾಳೆಯೇ ಸಹಿ ಹಾಕಿ ಕಳಿಸುವುದಾಗಿ ಅಶೋಕ್ ಹೇಳಿದ.

ಅಷ್ಟರಲ್ಲಿ ಸ್ಕೂಲ್ ಬಸ್ಸಿಳಿದು ಬಂದ ಅಮೃತ ಪೊಲೀಸರನ್ನು ಕಂಡು ಬಾಗಿಲಲ್ಲೇ ನಿಂತಳು. "ಅಜ್ಜಿ, ಏನಾಯ್ತು?"

ಚಿಕ್ಕಮಾದಮ್ಮ ಸೊಸೆಯ ಮುಖ ನೋಡಿದಳು.

"ನೀವೇ ಹೇಳಿ ಅತ್ತೆ," ಎಂದಳು ಮಂಜುಶ್ರೀ. "ನಿಮ್ಮ ಮಾತಲ್ಲೇ ಹೇಳಿ. ಯಾರೂ ತಿದ್ದಲ್ಲ."

"ನಾನು ಒಬ್ಳು ಅಳೇ ಕಳ್ಳಿ ಕಣವ್ವ," ಎಂದು ಶುರು ಮಾಡಿದ ಮುದುಕಿ, ಎಲ್ಲಿ ತಿದ್ದುತ್ತಾಳೋ ಎಂದು ನಡುವೆಯೇ ನಿಲ್ಲಿಸಿ ಮೊಮ್ಮಗಳ ಮುಖ ನೋಡಿದಳು.

ಅಮೃತ ಬ್ಯಾಗು ಬಿಸಾಕಿ ದಿವಾನು ಹತ್ತಿ, ಅಜ್ಜಿಯ ಮಗ್ಗುಲಿಗೆ ಒತ್ತಿ ಕೂತಳು. "ಆಮೇಲೆ?" ಎಂದಳು.