ಮೀರಿಮ್ ಜಾಗಕ್ಕೆ ಬಂದವರು

"ಮೀರಿಮ್ ಸಾಮಾನು ತಗೊಂಡು ಹೋಗೋಕೆ ಬಂದಿದೀನಿ. ನಾನು ಅವಳ ಅಣ್ಣ, ಬೆಕ್ತುರ್."

ಜಿಪಾರ್ ಬಾಗಿಲ ಸರಪಳಿ ತೆಗೆಯಲಿಲ್ಲ.

"ಮೊದಲು ಅವಳ ಜಾಗಕ್ಕೆ ಇನ್ನೊಬ್ಬರನ್ನ ಕರ್ಕೊಂಡು ಬನ್ನಿ. ಅಲ್ಲೀವರೆಗೂ ಒಂದು ದಿಂಬೂ ಹೊರಗೆ ಹೋಗಲ್ಲ."

"ತಪ್ಪು ಮಾಡಿದ್ದು ತಂಗಿ, ಜೈಲು ದಿಂಬಿಗಾ?"

ಅವಳಿಗೆ ನಗು ಬರಲಿಲ್ಲ. ಕಿರ್ಗಿಸ್ತಾನದ ಬಿಷ್ಕೆಕ್‌ನ ಆ ಮನೆಯ ಬಾಡಿಗೆ ಒಪ್ಪಂದ ಅವಳ ಮತ್ತು ಗೆಳತಿ ಮೀರಿಮ್ ಹೆಸರಲ್ಲಿ, ಮೇ ಕೊನೆಯವರೆಗೆ ಇತ್ತು. ಮೀರಿಮ್ ಫೆಬ್ರವರಿಯಲ್ಲೇ, ಒಂದು ಮಾತೂ ಹೇಳದೆ, ಮಾಸ್ಕೋದ ಕೆಲಸಕ್ಕೆ ಹೊರಟುಹೋಗಿದ್ದಳು. ಭಾನುವಾರದೊಳಗೆ ಇನ್ನೊಬ್ಬ ಹೆಂಗಸು ಬರದಿದ್ದರೆ ಮನೆ ಖಾಲಿ ಮಾಡು ಎಂದಿದ್ದಳು ಮನೆ ಒಡತಿ. ಖಾಲಿ ಮಾಡಿದರೆ ಜಿಪಾರ್‌ಗೆ ಉಳಿಯುವುದು ಕೋಚ್ಕೋರ್‌ನಲ್ಲಿರುವ ಹೆತ್ತವರ ಮನೆಗೆ ಹೋಗುವ ಬಸ್ಸು. ಸಿದ್ಧ ಉಡುಪು ಕಾರ್ಖಾನೆಯ ಕೆಲಸ, ಈ ಊರು... ಎಲ್ಲ ಅಲ್ಲಿಗೇ ಮುಗಿದಂತೆ.

ಮರುದಿನದಿಂದ ಬೆಕ್ತುರ್ ಸಂಜೆ ಸಂಜೆ ಯಾರನ್ನಾದರೂ ಕರೆತಂದ. ಒಬ್ಬಳಿಗೆ ಐದನೇ ಮಹಡಿ ಹತ್ತಲಾಗಲಿಲ್ಲ. ಇನ್ನೊಬ್ಬಳು ಮೂರು ಬೆಕ್ಕುಗಳ ಜೊತೆ ಬಂದಳು.

"ಮನುಷ್ಯರು ಯಾರೂ ಸಿಗಲಿಲ್ವಾ?"

"ಸಿಕ್ಕಿದ್ರು. ನಿಮ್ಮ ಕೋಪದ ಸುದ್ದಿ ಕೇಳಿ ಓಡಿಹೋದ್ರು."

ನಗು ಕಾಣಿಸಬಾರದೆಂದು ಅವಳು ಬಾಗಿಲು ಮುಚ್ಚಬೇಕಾಯಿತು. ನಾಳೆಯೂ ಬರ್ತಾನಾ... ಎಂದು ಮನಸ್ಸು ಕೇಳಿದ್ದು ಅವಳಿಗೇ ಹಿಡಿಸಲಿಲ್ಲ.

ಶುಕ್ರವಾರ ಅವನು ಒಬ್ಬನೇ ಬಂದ. "ನಾಳೆ ಎಲ್ಲಾ ಮುಗಿಸ್ತೀನಿ," ಎಂದಷ್ಟೇ ಹೇಳಿ ಹೋದ.

ಶನಿವಾರ ಮಧ್ಯಾಹ್ನ ಬಾಗಿಲ ಕಿಂಡಿಗೆ ಕಣ್ಣಿಟ್ಟ ಜಿಪಾರ್ ಸರಪಳಿ ಬಿಗಿಯಾಗಿ ಸಿಕ್ಕಿಸಿದಳು.

ಬೆಕ್ತುರ್. ಹಿಂದೆ ಇಬ್ಬರು ಗಟ್ಟಿಮುಟ್ಟಾದ ಗಂಡಸರು. ಪಕ್ಕದಲ್ಲಿ ಒಬ್ಬ ಮುದುಕಿ, ಅವಳ ಕೈಯಲ್ಲಿ ಬಿಳಿ ತಲೆವಸ್ತ್ರ.

ಅವಳ ಅಕ್ಕನನ್ನು ಹೊತ್ತೊಯ್ದದ್ದು ಹೀಗೇ. ಗಂಡಸರು ಹುಡುಗಿಯನ್ನು ಎತ್ತಿಕೊಂಡು ಹೋಗುತ್ತಾರೆ, ಹುಡುಗನ ಮನೆಯ ಮುದುಕಿ ತಲೆಗೆ ಬಿಳಿ ವಸ್ತ್ರ ಹಾಕುತ್ತಾಳೆ. ಆಮೇಲೆ ಹುಡುಗಿ ಎಷ್ಟು ಅತ್ತರೂ ಊರು ಅದನ್ನು ಮದುವೆ ಎನ್ನುತ್ತದೆ.

"ಇಷ್ಟು ದಿನ ಬಂದಿದ್ದು ಇದಕ್ಕಾ?" ಬಾಗಿಲಿಗೆ ಬೆನ್ನು ಒತ್ತಿ ಕೂಗಿದಳು. "ಪೊಲೀಸರಿಗೆ ಫೋನ್ ಮಾಡ್ತೀನಿ."

ಅವಳು ಏನೆಂದುಕೊಂಡಳೆಂದು ಅವನಿಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮಾಡಿ, ಜಿಪಾರ್. ಅವರು ಬರೋವರೆಗೂ ಕೆಳಗೆ ಬೀದೀಲಿ ನಿಂತಿರ್ತೀನಿ. ಈ ಹುಡುಗರನ್ನೂ ಕರ್ಕೊಂಡು ಹೋಗ್ತೀನಿ."

ಹೆಜ್ಜೆಗಳು ಮೆಟ್ಟಿಲಿಳಿದವು. ಮುದುಕಿ ಮಾತ್ರ ಅಲ್ಲೇ ಉಳಿದಳು.

"ಮಗಳೇ, ನಾನು ಅವನ ಸೋದರತ್ತೆ. ಕಣ್ಣಿನ ಆಪರೇಷನ್‌ಗೆ ಬಂದೆ, ಮೇ ಮುಗಿಯೋವರೆಗೂ ಈ ಊರಲ್ಲೇ ಇರಬೇಕು. ಮೀರಿಮ್ ಜಾಗಕ್ಕೆ ನಾನು ಸಾಕಾಗಲ್ವಾ? ಆ ಹುಡುಗರು ಅವಳ ಸಾಮಾನು ಇಳಿಸೋಕೆ ಬಂದೋರು. ಈ ಬಟ್ಟೆ ನನ್ನ ಹಾಳು ಕಣ್ಣು ಒರೆಸೋಕೆ. ಸುರೀತಾನೇ ಇರುತ್ತೆ ನೋಡು."

ಕಿಂಡಿಯಲ್ಲಿ ಕೆಂಪಗೆ ಊದಿದ ಕಣ್ಣುಗಳು ಕಂಡವು.

ಜಿಪಾರ್ ಬಾಗಿಲು ತೆರೆದು ಮುದುಕಿಯನ್ನು ಒಳಗೆ ಕೂರಿಸಿದಳು. ಕೋಟು ಹಾಕಿಕೊಳ್ಳದೆ ಕೆಳಗೋಡಿದಳು.

ಹೇಳಿದಂತೆ ಅವನು ಬೀದಿಯಲ್ಲೇ ನಿಂತಿದ್ದ.

"ಕ್ಷಮಿಸಿ, ನಾನು..."

"ನೀವ್ಯಾಕೆ? ಯೋಚನೆ ಮಾಡಬೇಕಾಗಿದ್ದು ನಾನು. ನಮ್ಮಮ್ಮನ್ನೂ ಹಾಗೇ ತಂದಿದ್ದು. ಅಮ್ಮ ಮನಸ್ಸು ಬಿಚ್ಚಿ ನಕ್ಕಿದ್ದನ್ನ ನಾನು ನೋಡೇ ಇಲ್ಲ. ಅದು ಗೊತ್ತಿದ್ದೂ ನಿಮ್ಮ ಬಾಗಿಲಿಗೆ ಹೀಗೆ ಬಂದೆನಲ್ಲ."

ಅವಳು ಅಲ್ಲಿಂದ ಕದಲಲಿಲ್ಲ.

"ಒಂದು ಮಾತು ಕೇಳ್ಲಾ?" ಎಂದ. "ಇಲ್ಲ ಅಂದ್ರೆ ಮತ್ತೆ ಕೇಳಲ್ಲ."

"ಕೇಳಿ."

"ಅತ್ತೇನ ನೋಡೋಕೆ ಬಂದಾಗ... ನಿಮ್ಮನ್ನೂ ನೋಡಬಹುದಾ?"

"ಅತ್ತೆ ನೆಪ ಬೇಡ, ಬೆಕ್ತುರ್. ನನ್ನ ನೋಡೋಕೆ ಅಂತಲೇ ಬಾ."

"ನಾಳೆ ಬರ್ಲಾ?"

"ನಾಳೆ ನಂಗೆ ರಜಾ. ಬೇಗ ಬಾ."