ಅವನ ಮಾತು ಮುಗಿಯುವವರೆಗೆ

"ಮುಟ್ಟಬೇಡಿ ಅವಳನ್ನ!"

ಕಾರಿಡಾರ್‌ನ ಆ ತುದಿಯಿಂದ ಓಡಿ ಬಂದವಳಿಗೆ ಏದುಸಿರು. ಮೆಟ್ಟಿಲ ಕೆಳಗಿನ ಸಂದಿಯಲ್ಲಿ ಪುಟ್ಟ ಹುಡುಗಿ ಗುಬ್ಬಿ ಮುದುಡಿ ಕೂತು ಕಿರುಚುತ್ತಿದ್ದಳು. ಅವಳ ಮುಂದೆ ಮಂಡಿಯೂರಿದ್ದ ಅಪರಿಚಿತನೊಬ್ಬ ಅವಳ ಪಾದ ಹಿಡಿದುಕೊಂಡಿದ್ದ!

"ಅ... ಅ... ಅ..." ಅವನು ಏನೋ ಹೇಳಲು ಹೊರಟ.

"ಅಡ್ಮಿಷನ್ನಿಗಾ? ಆಫೀಸು ಆ ಕಡೆ. ಹೀಗೆ ಒಳಗೆಲ್ಲ ನುಗ್ಗಬಾರದು. ಈ ಮಗುವಿಗೆ ಬೆಲ್ ಶಬ್ದ ಅಂದ್ರೆ ಆಗಲ್ಲ, ಅದಕ್ಕೇ ಅಳ್ತಿದ್ದಾಳೆ. ನಾನು ನೋಡ್ಕೋತೀನಿ, ನೀವು ಹೊರಡಿ!"

ಅವನ ಮುಖ ಕೆಂಪಾಯಿತು. ಬಾಯಿ ಮುಚ್ಚಿದ. ಆದರೆ ಏಳಲಿಲ್ಲ. ಗುಬ್ಬಿಯ ಶೂ ಮೆಲ್ಲಗೆ ಬಿಚ್ಚಿ, ತಲೆಕೆಳಗು ಮಾಡಿ ಕೊಡವಿದ. ಟಕ್ ಅಂತ ಸೀಮೆಸುಣ್ಣದ ತುಂಡೊಂದು ನೆಲಕ್ಕೆ ಬಿತ್ತು.

ಗುಬ್ಬಿಯ ಅಳು ನಿಂತಿತು.

"ಅ... ವಳ ಶೂ," ಅಂದ ಅವನು, ಶುರು ಮಾಡಿದ್ದನ್ನು ಮುಗಿಸುತ್ತಾ. ಆಮೇಲೆ ತನ್ನ ಎದೆ ಮುಟ್ಟಿಕೊಂಡು, "ಹೊಸ... ಡ್ರಾ... ಡ್ರಾಯಿಂಗ್ ಮೇಷ್ಟ್ರು."

ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತು ಅವಳಿಗೆ!

ಶಾಲೆಯಲ್ಲಿ ಎಲ್ಲರೂ ಅವಳನ್ನು ಚಿಕ್ಕ ಮಿಸ್ ಅನ್ನುತ್ತಿದ್ದರು. ಬೋರ್ಡಿನ ಮುಂದೆ ನಿಂತು ಪಾಠ ಮಾಡುವ ಕೆಲಸ ಅವಳದಲ್ಲ. ಓದು ನಿಧಾನವಾದ, ಮಾತು ತಡವಾದ, ಒಂದೆಡೆ ಕೂರಲಾಗದ ಮಕ್ಕಳ ಪಕ್ಕದಲ್ಲಿ ಕೂತು, ಉಳಿದವರ ಜೊತೆ ಅವರನ್ನೂ ಕರೆದೊಯ್ಯುವ ಕೆಲಸ. ಮೆಟ್ಟಿಲ ಪಕ್ಕದ ಪುಟ್ಟ ಕೋಣೆ ಅವಳದ್ದು. ನೆಲಕ್ಕೆ ಚಾಪೆ, ಗೋಡೆಗೆ ಚಿತ್ರದ ಕಾರ್ಡುಗಳು, ಗದ್ದಲ ತಡೆಯಲಾರದವರಿಗೆ ಕಿವಿ ಮುಚ್ಚುವ ಹೆಡ್‌ಫೋನು.

ಮೂರನೇ ಕ್ಲಾಸಿನ ಗುಬ್ಬಿ ಶಾಲೆಯಲ್ಲಿ ಒಂದು ಮಾತೂ ಆಡಿದವಳಲ್ಲ. ಕ್ಲಾಸಿನಲ್ಲಿ ಯಾರಾದರೂ ಪ್ರಶ್ನೆ ಕೇಳಿದರೆ ಅವಳ ತುಟಿ ನಡುಗುತ್ತಿತ್ತು, ಹಿಂದಿನ ಬೆಂಚಿನಿಂದ ನಗು ಏಳುತ್ತಿತ್ತು. ಆ ನಗು ಗುಬ್ಬಿಯನ್ನು ಮುಟ್ಟುವ ಮೊದಲೇ ಚಿಕ್ಕ ಮಿಸ್ ಉತ್ತರ ಕೊಟ್ಟುಬಿಡುತ್ತಿದ್ದಳು. ಅವಳಿಗೆ ಮೌನವೆಂದರೆ ಭಯ. ಯಾರಾದರೂ ಮಾತು ಸಿಗದೆ ಒದ್ದಾಡಿದರೆ ಅವಳಿಗೆ ನೋಡುತ್ತಾ ಕೂರಲಾಗುತ್ತಿರಲಿಲ್ಲ.

ಹಾಗಾಗಿ ಸ್ಟಾಫ್‌ರೂಮಿನಲ್ಲಿ ಡ್ರಾಯಿಂಗ್ ಸರ್ ತಡವರಿಸಿದ ಮೊದಲ ದಿನವೇ ಅವಳು ಮಧ್ಯೆ ಬಂದಳು.

"ನಿಮ್ಮ ಟೀಗೆ ಸಕ್ಕರೆ ಎಷ್ಟು ಸರ್?" ಆಯಾ ಕೇಳಿದ್ದಳು.

"ಸ... ಸ... ಸಕ್..."

ಗಣಿತದ ಮೇಷ್ಟ್ರು ಕೆಮ್ಮಿನ ನೆಪದಲ್ಲಿ ನಗು ಮುಚ್ಚಿಕೊಂಡರು. ಚಿಕ್ಕ ಮಿಸ್ ತಟ್ಟನೆ, "ಸಕ್ಕರೆ ಬೇಡ ಅಂತೆ ಆಯಮ್ಮಾ!" ಅಂದಳು.

ಅವನು ಅವಳ ಕಡೆ ನೋಡಿ, ತಲೆಯಾಡಿಸಿ, ನಕ್ಕ.

ಆ ನಗುವಿನಲ್ಲಿ ಕೃತಜ್ಞತೆ ಇದೆ ಅಂದುಕೊಂಡಳು. ಇತ್ತು ಕೂಡ. ಅದರ ಜೊತೆ ಇನ್ನೂ ಏನೋ ಇತ್ತು. ಅದನ್ನು ಗಮನಿಸುವಷ್ಟು ಹೊತ್ತು ಅವಳು ನೋಡಲಿಲ್ಲ, ಅಷ್ಟೇ.

ಊಟದ ಬಿಡುವಿನಲ್ಲಿ ಅವನು ಪುಟ್ಟ ಕೋಣೆಗೆ ಬರತೊಡಗಿದ. ಮಾತು ಬಾರದ ಮಕ್ಕಳು ಬೆರಳಿಟ್ಟು ತೋರಿಸಲು ಹೊಸ ಚಿತ್ರಗಳನ್ನು ಬರೆದುಕೊಡುತ್ತಿದ್ದ. ನೀರು ಬೇಕು, ಹೊಟ್ಟೆ ನೋವು, ಸಿಟ್ಟು ಬಂದಿದೆ, ಸಾಕು. ಸಿಟ್ಟಿನ ಕಾರ್ಡಿನಲ್ಲಿದ್ದ ಮುಖ ಹೆಡ್ ಮಿಸ್‌ರ ತದ್ರೂಪು!

"ಅಯ್ಯೋ, ಕೆಲಸ ಹೋಗುತ್ತೆ ಸರ್, ನಮ್ಮಿಬ್ಬರದ್ದೂ!"

"ನಿಮ್... ನಿಮ್ದು... ಇ..."

"ಇಲ್ಲ, ನನ್ನ ಮುಖ ಬರೀಬೇಡಿ! ನನ್ನ ಮೂಗು ಚೆನ್ನಾಗಿಲ್ಲ."

ಅವನು ಪೆನ್ಸಿಲ್ ಕೆಳಗಿಟ್ಟು ತಲೆಯಾಡಿಸಿದ. ಗುಬ್ಬಿ ಇಬ್ಬರನ್ನೂ ಒಂದು ಸಲ ನೋಡಿ, ತನ್ನ ನೀಲಿ ಚಾಪೆಯ ಅಂಚು ಕೀಳುತ್ತಾ ಕೂತಳು.

ಚಿಕ್ಕ ಮಿಸ್ ಅವನ ಬಾಯಾದಳು. ಸ್ಟಾಫ್ ಮೀಟಿಂಗಿನಲ್ಲಿ ಅವನ ಪರವಾಗಿ ಬಣ್ಣದ ಡಬ್ಬಿ ಕೇಳಿದಳು. ಪೋಷಕರ ಸಭೆಯಲ್ಲಿ ಅವನ ಪರವಾಗಿ ವಿವರಿಸಿದಳು. ಮನೆಯಲ್ಲಿ ಅತ್ತಿಗೆ ಕಿಚಾಯಿಸಿದಳು: "ಏನೇ, ಆ ಮೇಷ್ಟ್ರ ವಿಷಯ ತೆಗೆದ್ರೆ ನಿನ್ನ ಮುಖದಲ್ಲಿ ಲೈಟ್ ಹತ್ತುತ್ತೆ! ಅವರು ಏನಾದ್ರೂ ಹೇಳಿದ್ರಾ?"

"ಹೇಳೋದೇನು ಅತ್ತಿಗೆ, ಅವರು ಹೇಳೋದಕ್ಕೆ ಮೊದಲೇ ನನಗೆ ಗೊತ್ತಾಗುತ್ತೆ."

ಎಷ್ಟು ಹೆಮ್ಮೆಯಿಂದ ಅಂದಿದ್ದಳು ಆ ಮಾತು...

ವರ್ಷದ ಕೊನೆಯಲ್ಲಿ ಹೆಡ್ ಮಿಸ್ ಅವಳನ್ನು ಕರೆದು ಹೇಳಿದರು. ಬೇರೆ ಊರಿನ ಶಾಲೆಯೊಂದು ಡ್ರಾಯಿಂಗ್ ಸರ್‌ನ ಕೇಳಿದೆ, ಕೆಲಸ ದೊಡ್ಡದು, ಬಹುಶಃ ಹೋಗ್ತಾರೆ ಅಂತ.

ಹೋಗ್ತಾರಾ? ನನಗೊಂದು ಮಾತು ಹೇಳದೆ?

ಅವತ್ತೇ ಸಂಜೆ, ಮಕ್ಕಳೆಲ್ಲ ಹೋದ ಮೇಲೆ, ಅವನು ಪುಟ್ಟ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಇಸ್ತ್ರಿ ಮಾಡಿದ ಅಂಗಿ. ಕೈಬೆರಳಿನಲ್ಲಿ ಯಾವಾಗಲೂ ಇರುತ್ತಿದ್ದ ಬಣ್ಣದ ಕಲೆ ಇಂದು ತೊಳೆದು ಹೋಗಿತ್ತು.

"ಆ... ಆ ಸ್ಕೂ... ಸ್ಕೂ..."

ಅವನ ಗಂಟಲಿನ ನರ ಉಬ್ಬಿತ್ತು. ಹಣೆಯಲ್ಲಿ ಬೆವರು. ಇಷ್ಟು ಕಷ್ಟಪಟ್ಟು ಅವನು ಯಾವ ಮಾತನ್ನೂ ಹೇಳಹೊರಟದ್ದನ್ನು ಅವಳು ನೋಡಿರಲಿಲ್ಲ. ವಿದಾಯ ಹೇಳುವುದು ಅಷ್ಟು ಕಷ್ಟವೇ? ಅವಳಿಗೆ ತಡೆಯಲಾಗಲಿಲ್ಲ. ಅವನ ಸಂಕಟ ನೋಡಲಾಗಲಿಲ್ಲವೋ, ತನ್ನ ಸಂಕಟ ತಡೆಯಲಾಗಲಿಲ್ಲವೋ...

"ಆ ಸ್ಕೂಲಿಗೆ ಹೋಗ್ತಿದ್ದೀರಿ. ಗೊತ್ತು ಸರ್, ಹೆಡ್ ಮಿಸ್ ಹೇಳಿದ್ರು. ಒಳ್ಳೇದಾಯ್ತು! ಇಲ್ಲಿ ನಿಮ್ಮನ್ನ ಹಿಡಿದಿಡೋದು ಏನಿದೆ? ಹೋಗಿ, ಖುಷಿಯಾಗಿರಿ."

ಅವನು ಅವಳನ್ನೇ ನೋಡಿದ. ತುಟಿ ಮತ್ತೊಮ್ಮೆ ಅಲುಗಿತು.

ಅವಳು ತಿರುಗಿ ಕಾರ್ಡು ಜೋಡಿಸತೊಡಗಿದಳು. ಕಣ್ಣೀರು ಅವನಿಗೆ ಕಾಣಬಾರದಲ್ಲ!

ಮತ್ತೆ ತಿರುಗಿದಾಗ ಅವನು ತಲೆಯಾಡಿಸುತ್ತಿದ್ದ. ಯಾವಾಗಲೂ ಆಡಿಸುವ ಹಾಗೆ. ಆಮೇಲೆ ಬಾಗಿಲು ಖಾಲಿಯಾಯಿತು.

ರಜೆ ಮುಗಿದು ಶಾಲೆ ತೆರೆದಾಗ ಡ್ರಾಯಿಂಗ್ ಕ್ಲಾಸಿಗೆ ಬೇರೆಯವರು ಬಂದಿದ್ದರು. ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಒಳಗೊಳಗೇ ಅವನ ಮೇಲೆ ಮುನಿಸಿಕೊಂಡಳು. ನಾನು ಅವರಿಗಾಗಿ ಎಷ್ಟು ಮಾತಾಡಿದೆ! ನನಗಾಗಿ ಒಂದು ಮಾತು ಆಡಲಾಗಲಿಲ್ಲವೇ?

ಆ ಮುನಿಸನ್ನು ಮುರಿದದ್ದು ಗುಬ್ಬಿ.

ಮಳೆಗಾಲ ಕಳೆದ ಮೇಲೆ ಸ್ಪೀಚ್ ಥೆರಪಿಸ್ಟ್ ಒಬ್ಬರು ಶಾಲೆಗೆ ಬಂದರು. ನಡುವಯಸ್ಸಿನ ಹೆಂಗಸು, ದೊಡ್ಡ ಕನ್ನಡಕ, ಕಡಿಮೆ ಮಾತು. ಪುಟ್ಟ ಕೋಣೆಯಲ್ಲಿ ಗುಬ್ಬಿಯ ಎದುರು ನೆಲದ ಮೇಲೆ ಕೂತು, ಬಣ್ಣದ ಕಡ್ಡಿಗಳನ್ನು ಹರಡಿದರು.

"ನಿನಗೆ ಯಾವ ಬಣ್ಣ ಬೇಕು ಪುಟ್ಟಾ?"

"ನೀಲಿ ಮೇಡಂ," ಅಂದಳು ಚಿಕ್ಕ ಮಿಸ್. "ಅವಳಿಗೆ ನೀಲಿ ಅಂದ್ರೆ ಪ್ರಾಣ. ಚಾಪೆ, ಬ್ಯಾಗು, ನೀರಿನ ಬಾಟಲಿ, ಎಲ್ಲ ನೀಲಿನೇ ತರಿಸಿದ್ದೀನಿ."

"ನಾನು ನಿಮ್ಮನ್ನ ಕೇಳ್ಲಿಲ್ಲ ಮಿಸ್."

ದನಿಯಲ್ಲಿ ಸಿಟ್ಟಿರಲಿಲ್ಲ. ಆದರೂ ಅವಳಿಗೆ ಕೆನ್ನೆಗೆ ಹೊಡೆದಂತಾಯಿತು.

"ಇಂಥ ಮಕ್ಕಳಿಗೆ ಮಾತು ಹುಡುಕೋಕೆ ಸಮಯ ಬೇಕು. ನೀವು ಮೊದಲು ಹೇಳಿಬಿಟ್ರೆ ಅವರು ಹುಡುಕೋದನ್ನೇ ಬಿಡ್ತಾರೆ. ತುಟಿ ಕಚ್ಚಿಕೊಂಡು ಕೂತಿರಿ."

ಥೆರಪಿಸ್ಟ್ ಮತ್ತೆ ಕೇಳಿದರು. ಮೌನ. ಗುಬ್ಬಿಯ ತುಟಿ ನಡುಗಿತು. ಹೊರಗೆ ಯಾರೋ ಬೆಂಚು ಎಳೆದರು. ಇನ್ನೂ ಮೌನ... ಪಾಪ, ಸಾಕು, ಬಿಟ್ಟುಬಿಡಿ ಅಂತ ಕೂಗಬೇಕು ಅನ್ನಿಸಿತು ಅವಳಿಗೆ. ಎರಡೂ ಕೈ ತೊಡೆಯ ಕೆಳಗಿಟ್ಟು ಅದುಮಿಕೊಂಡಳು.

"ನೀ... ಲಿ," ಅಂದಿತು ಮಗು.

ನೋಡಿದ್ರಾ ಅನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ...

"ನೀಲಿ ಬೇಡ."

ಸಣ್ಣ, ಒರಟು ದನಿ. ಗುಬ್ಬಿ ಹಳದಿ ಕಡ್ಡಿ ಎತ್ತಿಕೊಂಡಳು. ಇನ್ನೊಂದು ಕೈಯಿಂದ ತಾನು ಕೂತಿದ್ದ ನೀಲಿ ಚಾಪೆಯನ್ನು ದೂರ ತಳ್ಳಿದಳು!

ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತಳು ಚಿಕ್ಕ ಮಿಸ್. ಗುಬ್ಬಿ ಮಾತಾಡಿದಳಲ್ಲ ಅನ್ನುವ ಸಂತೋಷಕ್ಕೆ ಎಂದು ಮೊದಲು ಅಂದುಕೊಂಡಳು. ಅಲ್ಲ. ಇಷ್ಟು ದಿನ ಆ ಮಗು ತನಗೆ ಬೇಡವಾದ ಚಾಪೆಯ ಮೇಲೆ ಕೂತಿತ್ತು. ಕೂರಿಸಿದವಳು ತಾನು. ಅದೂ ಪ್ರೀತಿಯಿಂದ!

ಕಣ್ಣೊರೆಸಿಕೊಂಡು ಹೊರಬಂದಾಗ ಆಯಾ ಟೀ ಹಿಡಿದು ನಿಂತಿದ್ದಳು.

"ಯಾಕವ್ವಾ ಮುಖ ಹೀಗೆ?"

"ಏನಿಲ್ಲ ಆಯಮ್ಮಾ." ಟೀ ಲೋಟ ತೆಗೆದುಕೊಂಡು ಕೇಳಿದಳು: "ಡ್ರಾಯಿಂಗ್ ಸರ್‌ಗೆ ನಿಜವಾಗ್ಲೂ ಸಕ್ಕರೆ ಬೇಡವಾಗಿತ್ತಾ?"

ಆಯಾ ನಕ್ಕುಬಿಟ್ಟಳು. "ಎರಡು ಚಮಚ ಬೇಕಿತ್ತಂತೆ! ಹೋಗೋ ದಿನ ಹೇಳಿದ್ರು. ಅಯ್ಯೋ, ಮೊದಲೇ ಹೇಳಬಾರದಿತ್ತಾ ಅಂದೆ. ಮಿಸ್ ಹೇಳಿ ಆಗಿತ್ತಲ್ಲ ಅಂದ್ರು."

ಟೀ ಲೋಟ ಅವಳ ಕೈಯಲ್ಲೇ ಆರಿತು.

ಸಕ್ಕರೆ ತಪ್ಪಾಗಿದ್ದರೆ... ಇನ್ನೇನೇನು ತಪ್ಪಾಗಿತ್ತು? ಅವತ್ತು ಸಂಜೆ ಆ ಬಾಗಿಲಲ್ಲಿ ನಿಂತು, ಅಷ್ಟು ಬೆವರಿ, ಅವನು ಹೇಳಲು ಬಂದಿದ್ದಾದರೂ ಏನು?

"ಫೋನ್ ಮಾಡಿ ಕೇಳೇ," ಅಂದಳು ಅತ್ತಿಗೆ, ಸಂಜೆ ಮನೆಯಲ್ಲಿ ಎಲ್ಲ ಕೇಳಿ.

"ಫೋನಲ್ಲಿ ಅವರಿಗೆ ಇನ್ನೂ ಕಷ್ಟ ಅತ್ತಿಗೆ. ಅಂತ ಅನ್ಸುತ್ತೆ... ಗೊತ್ತಿಲ್ಲ. ಅವರ ಬಗ್ಗೆ ನನಗೇನೂ ಗೊತ್ತಿಲ್ಲ."

"ಹಾಗಾದ್ರೆ ಹೋಗು. ನಿಮ್ಮಣ್ಣನಿಗೆ ನಾನು ಹೇಳ್ಕೋತೀನಿ. ಮುಖ ಮಾತ್ರ ತೊಳ್ಕೊಂಡು ಹೋಗು ಮಹರಾಯ್ತಿ."

ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿದಳು, ಕೆಡಿಸಿದಳು. ಅವರಿಗೆ ಈಗ ಯಾರಾದರೂ ಇದ್ದರೆ? ಇದ್ದರೂ ಕೇಳಿ ಬರಬೇಕು. ಅವರ ಮಾತನ್ನು ಅವರ ಬಾಯಿಂದ ಕೇಳುವಷ್ಟಾದರೂ ಸಾಲ ತೀರಿಸಬೇಕು.

ಆ ಶಾಲೆಯ ಡ್ರಾಯಿಂಗ್ ಕೋಣೆಯಲ್ಲಿ ಅವನು ತೊಟ್ಟಿಯ ಮುಂದೆ ನಿಂತು ಬ್ರಷ್ಷು ತೊಳೆಯುತ್ತಿದ್ದ. ಅವಳನ್ನು ಕಂಡದ್ದೇ ನಲ್ಲಿ ನಿಲ್ಲಿಸುವುದನ್ನೂ ಮರೆತ.

ಅವಳೇ ಹೋಗಿ ನಿಲ್ಲಿಸಿದಳು.

"ಅವತ್ತು ನೀವು ಒಂದು ಮಾತು ಶುರು ಮಾಡಿದ್ರಿ ಸರ್. ನಾನು ಮುಗಿಸಿಬಿಟ್ಟೆ. ಏನು ಹೇಳಬೇಕಂತಿದ್ರಿ?"

ಇಷ್ಟು ಹೇಳಿ ಪುಟ್ಟ ಮಕ್ಕಳ ಬೆಂಚಿನ ಮೇಲೆ ಕೂತಳು. ತುಟಿ ಕಚ್ಚಿಕೊಂಡಳು.

ಅವನು ಕೈ ಒರೆಸಿದ. ಕಿಟಕಿ ನೋಡಿದ. ಅವಳು ಇನ್ನೂ ಸುಮ್ಮನೇ ಕೂತಿರುವುದನ್ನು ಕಂಡು ಅವನ ಹುಬ್ಬು ಗಂಟಿಕ್ಕಿತು.

"ಆ ಸ್ಕೂಲಿಗೆ ಹೋ... ಹೋಗಲ್ಲ ಅಂತ... ಅವತ್ತು ಬೆಳಿಗ್ಗೆ... ಫೋ... ಫೋನ್ ಮಾಡಿ ಹೇಳಿದ್ದೆ. ಯಾಕೆ ಅಂತ... ನಿ... ನಿಮಗೆ ಹೇಳೋಕೆ ಬಂದೆ."

ಅವಳ ಕಣ್ಣು ತುಂಬಿ ಬಂತು.

"ನೀವು ಹೋ... ಹೋಗಿ ಅಂದ್ರಿ. ರಾತ್ರಿನೇ ಮತ್ತೆ... ಫೋನ್ ಮಾಡಿ... ಬ... ಬರ್ತೀನಿ ಅಂದೆ."

ಒಂದೇ ಒಂದು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ! ಈ ಇಷ್ಟು ತಿಂಗಳು, ಈ ಎರಡು ಊರು, ಯಾವುದೂ ಇರುತ್ತಿರಲಿಲ್ಲ.

"ಎಲ್ಲರೂ ನನ್ನ ಮಾ... ಮಾತು ಮುಗಿಸ್ತಾರೆ. ಕಂಡಕ್ಟರು, ಅಂ... ಅಂಗಡಿಯವನು, ನಮ್ಮಮ್ಮ ಕೂಡ. ಅಭ್ಯಾಸ ಆಗಿದೆ. ನೀವು ಮು... ಮುಗಿಸಿದಾಗ ಮಾತ್ರ... ನೋವಾಗ್ತಿತ್ತು." ಅವನು ಎದುರಿನ ಬೆಂಚಿನ ಮೇಲೆ ಕೂತ. ದೊಡ್ಡ ಮೊಣಕಾಲುಗಳು ಎದೆಗೆ ತಾಗಿದವು. "ತಪ್ಪು ನಂದೂ ಇದೆ. ತ... ತಾಳಿ ಅಂತ ಒಂದು ಸಲ ಅಂದಿದ್ರೆ... ನೀವು ತಾಳ್ತಿದ್ರೇನೋ. ತಲೆ ಆ... ಆಡಿಸೋದು ಸುಲಭ ಅಲ್ವಾ."

"ವಾಪಸ್ ಬನ್ನಿ ಅಂತ ಕೇಳಬಹುದಾ?"

ಅವನು ಗೋಡೆಯ ಕಡೆ ನೋಡಿದ. ಗೋಡೆಯ ತುಂಬಾ ಮಕ್ಕಳ ಚಿತ್ರಗಳು. ಒಬ್ಬ ಹುಡುಗಿ ಪ್ರತಿ ಮನೆಗೂ ಬಾಗಿಲನ್ನು ಛಾವಣಿಯ ಮೇಲೆ ಬರೆದಿದ್ದಳು.

"ಇವರನ್ನ... ಅ... ಅರ್ಧಕ್ಕೆ ಬಿಟ್ಟು... ಬರಕ್ಕಾಗಲ್ಲ."

ಅವಳು ತಲೆಯಾಡಿಸಿದಳು. ಅದು ಸರಿಯಾದ ಉತ್ತರವೇ. ಅದಕ್ಕೇ ಹೆಚ್ಚು ನೋವಾಯಿತು.

"ಆದ್ರೆ ನಿ... ನಿಮ್ಮನ್ನ... ದಿನಾ..."

ಅವನು ಸಿಕ್ಕಿಕೊಂಡ. ಅವಳ ನಾಲಗೆಯ ತುದಿಯಲ್ಲಿ ನೆನೆಸ್ಕೋತೀನಿ ಅನ್ನುವ ಮಾತು ತುಳುಕುತ್ತಿತ್ತು. ಇದಕ್ಕಿಂತ ಖಚಿತವಾಗಿ ಯಾವ ಮಾತೂ ಅವಳಿಗೆ ಎಂದೂ ಗೊತ್ತಿರಲಿಲ್ಲ! ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಾದಳು.

"...ಬೈ... ಬೈಕೊಂಡೆ."

ಅಳುವಿನ ನಡುವೆಯೇ ಅವಳಿಗೆ ನಗು ಬಂದುಬಿಟ್ಟಿತು.

ಅವನೂ ನಕ್ಕ. ಆಮೇಲೆ ನಗು ಆರಿತು. "ದಿನಾ ಬೈಕೊಂಡೆ. ಬೈಕೊಂಡ್ರೆ ಪ್ರೀ... ಪ್ರೀತಿ ಹೋಗುತ್ತೆ ಅಂದ್ಕೊಂಡೆ. ಹೋ... ಹೋಗ್ಲಿಲ್ಲ."

ಅವಳು ಉತ್ತರಿಸಬೇಕಿತ್ತು. ಬಸ್ಸಿನಲ್ಲಿ ಜೋಡಿಸಿದ್ದ ಮಾತುಗಳಲ್ಲಿ ಒಂದೂ ಉಳಿದಿರಲಿಲ್ಲ. ಬಾಯಿ ತೆರೆದಳು. ಎಲ್ಲರ ಮಾತನ್ನೂ ಮುಗಿಸುತ್ತಿದ್ದವಳಿಗೆ ತನ್ನದೇ ಒಂದು ಮಾತು ಸಿಗದೆ ಹೋಯಿತು.

"ನಾನು... ನಾನು..."

ಅವನಿಗೆ ಖಂಡಿತ ಗೊತ್ತಿತ್ತು. ಆದರೂ ಹೇಳಿಕೊಡಲಿಲ್ಲ. ಮೊಣಕಾಲಿನ ಮೇಲೆ ಗಲ್ಲ ಊರಿ, "ಆ... ಆತುರ ಇಲ್ಲ," ಅಂದ.

ಕಿಟಕಿಯ ಬಿಸಿಲು ಬೆಂಚುಗಳನ್ನು ದಾಟಿ ಗೋಡೆ ಹತ್ತುತ್ತಿತ್ತು. ಕಳೆದುಹೋದ ತಿಂಗಳುಗಳನ್ನು ಯಾರೂ ವಾಪಸ್ ತಂದುಕೊಡುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

"ನಾನು..." ಅವಳು ಕಣ್ಣೊರೆಸಿಕೊಂಡಳು. "ನಾನು ಪ್ರತಿ ಶನಿವಾರ ಬರ್ಲಾ?"

"ಬ... ಬ..."

ಅವಳು ಕಾದಳು. ಬೇಡ ಎಂದರೂ ಪೂರ್ತಿ ಕೇಳಿಯೇ ಏಳುವುದೆಂದು, ಅವನ ಮುಖದಿಂದ ಕಣ್ಣು ತೆಗೆಯದೆ ಕಾದಳು.

"...ಬನ್ನಿ," ಅಂದ ಅವನು.