ಇಳಿದು ಬಾರದವನು

"ಸಹಿ ಮಾಡಿ," ಎಂದಳು ಅವಳು, ತಲೆ ಎತ್ತದೆ.

ಬೆಟ್ಟದ ಬುಡದ ಗೇಟಿನ ಕಿಟಕಿಯಲ್ಲಿ ಅವಳದು ಅದೇ ಕೆಲಸ. ಹತ್ತುವವರು ಬೆಳಿಗ್ಗೆ ಒಂದು ಸಹಿ ಹಾಕಬೇಕು, ಇಳಿದು ಬಂದ ಮೇಲೆ ಇನ್ನೊಂದು. ಎರಡನೆಯದು ಇಲ್ಲದವರನ್ನು ಐದು ಗಂಟೆಗೆ ಹುಡುಕಲು ಹೊರಡುತ್ತಾರೆ.

ರಜೆಗೆ ಬಂದ ಈ ಬಡಗಿ ಒಂಬತ್ತು ದಿನಗಳಿಂದ, ಸುರಿಯುವ ಮಳೆಯಲ್ಲಿ, ಅದೇ ಬೆಟ್ಟ ಹತ್ತುತ್ತಿದ್ದ. ತುದಿಯಲ್ಲಿ ಮಂಜು ಬಿಟ್ಟರೆ ಏನೂ ಕಾಣದು. ಅವನಿಗೆ ಕಾಣಬೇಕಾದ್ದು ಕೆಳಗೆ, ಈ ಕಿಟಕಿಯಲ್ಲೇ ಇದೆ ಎಂಬುದು ಗೇಟು ಕಾಯುವ ಅವಳ ಚಿಕ್ಕಪ್ಪನಿಗೂ ಗೊತ್ತಿತ್ತು.

"ಇವತ್ತೇ ಕೊನೆ. ಸಂಜೆ ಬಸ್ಸಿಗೆ ಊರಿಗೆ ಹೋಗ್ತೀನಿ," ಎಂದ ಅವನು. "ನಿನ್ನೆ ನಿಮ್ಮನ್ನ ಒಂದು ಮಾತು ಕೇಳಿದ್ದೆ."

"ದಿನಾ ನಲವತ್ತು ಜನಕ್ಕೆ ಕಾಯ್ತೀನಿ. ಮನೆಗೆ ಹೋದ ಮೇಲೂ ಒಬ್ಬ ಬೆಟ್ಟ ಹತ್ತೋನಿಗೆ ಕಾಯೋಕೆ ನನ್ನ ಕೈಲಾಗಲ್ಲ."

ಅವನು ನಗಲು ನೋಡಿದ, ಆಗಲಿಲ್ಲ. ರೆಪ್ಪೆಯ ಮೇಲಿನ ಹನಿಯನ್ನು ಒರೆಸಿಕೊಳ್ಳದೆ ಹೊರಟ. ಮಳೆಯ ಹನಿಯೇ ಇರಬೇಕು ಎಂದುಕೊಂಡಳು.

ಮೂರಕ್ಕೆ ಮೇಲೆಲ್ಲೋ ಮಣ್ಣು ಕುಸಿಯಿತು. ಉಳಿದವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದರು. ಅವನು ಬರಲಿಲ್ಲ.

ಚಿಕ್ಕಪ್ಪ ಐದರವರೆಗೆ ಕಾಯದೆ ಹಗ್ಗ ಹೆಗಲಿಗೇರಿಸಿದರು. "ನೀನು ಇಲ್ಲೇ ಇರು. ಅಕಸ್ಮಾತ್ ಬಂದ್ರೆ..."

"ಬಂದ್ರೆ ಅನ್ನಬೇಡಿ ಚಿಕ್ಕಪ್ಪ. ಬಂದಾಗ ಅನ್ನಿ."

ಅವರು ಇನ್ನಿಬ್ಬರನ್ನು ಕರೆದುಕೊಂಡು ಮಂಜಿನೊಳಗೆ ಹೋದರು. ಆಗ ಅವಳಿಗೆ ಹೊಳೆಯಿತು: ಬೆಟ್ಟದ ಹಿಂಬದಿಯಿಂದ ಬಸ್ ನಿಲ್ದಾಣಕ್ಕೆ ಹಳೆಯ ಕಾಲುದಾರಿಯೊಂದಿದೆ. ತನ್ನ ಮುಖ ನೋಡಲು ಮನಸ್ಸಿಲ್ಲದೆ ಅವನು ಅದನ್ನು ಹಿಡಿದಿರಬಹುದೇ?

ಹಿಡಿದಿರಲಿ. ನನ್ನನ್ನು ಬೈದುಕೊಂಡೇ ಹೋಗಿರಲಿ. ಬೇರೆ ಯಾರನ್ನೋ ಮದುವೆಯಾಗಿ, ನನ್ನನ್ನು ಮರೆತೇ ಬಿಡಲಿ. ಎಲ್ಲಾದರೂ ಇರಲಿ, ಇರಲಿ ಅಷ್ಟೇ.

ಬಟ್ಟೆ ಹಿಂಡಿಕೊಳ್ಳುತ್ತಿದ್ದ ಚಾರಣಿಗರೊಬ್ಬರನ್ನು ಕಿಟಕಿಯ ಬಳಿ ಕೂರಿಸಿ ಓಡಿದಳು. ಒಂದು ಚಪ್ಪಲಿ ದಾರಿಯ ಕೆಸರಿನಲ್ಲೇ ಉಳಿಯಿತು.

ಬಸ್ಸು ಇನ್ನೇನು ಹೊರಡುವುದರಲ್ಲಿತ್ತು. ಹಿಂದಿನ ಸೀಟಿನಲ್ಲಿ, ಚೀಲ ಅಪ್ಪಿಕೊಂಡು, ಅವನು. ಅವಳು ಗಾಜನ್ನು ಗುದ್ದಿದಳು. ಅವನು ಗಾಬರಿಯಿಂದ ಅದನ್ನು ಸರಿಸಿದ.

"ಇಳಿದೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ಮೇಲೆ ಹುಡುಕ್ತಿದ್ದಾರೆ. ನಾನು ಇಲ್ಲಿ..."

"ಇನ್ನೊಂದು ಸಲ ನಿಮ್ಮನ್ನ ನೋಡಿದ್ರೆ ಹೋಗೋಕೆ ಆಗ್ತಿರಲಿಲ್ಲ. ತಪ್ಪಾಯ್ತು."

"ಕಾಯೋಕೆ ಆಗಲ್ಲ ಅಂದೆನಲ್ಲ, ಅದು ಸುಳ್ಳು. ಮೂರು ಗಂಟೆಯಿಂದ ಸತ್ತು ಸತ್ತು ಕಾದಿದ್ದೀನಿ. ಇನ್ನೂ ಕಾಯ್ತೀನಿ. ಎಷ್ಟು ಬೆಟ್ಟ ಬೇಕಾದ್ರೂ ಹತ್ತಿ. ಹೇಳದೆ ಮಾತ್ರ ಹೋಗಬೇಡಿ."

ಕಂಡಕ್ಟರ್ ಬಾಗಿಲಿನಿಂದ ಇಣುಕಿದ. "ಇಳಿಯೋರು ಇಳೀರಿ. ಅಳೋರು ಆಮೇಲೆ ಅಳಿ, ನನಗೆ ಲೇಟಾಗ್ತಿದೆ."

ಅವನು ಇಳಿದ. ಅವಳು ಬಿದ್ದು ಎದ್ದ ಮಗುವನ್ನು ನೋಡುವಂತೆ ಅವನ ಹಣೆ, ಮೊಣಕೈ, ಬೆರಳು, ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಫೋನ್ ಮಾಡಿದಳು.

"ಚಿಕ್ಕಪ್ಪ, ಎಲ್ಲರೂ ಕೆಳಗೆ ಬನ್ನಿ. ಸಿಕ್ಕಿದ್ರು."

"ಎಲ್ಲಮ್ಮಾ?"

ಅವನ ತೋಳನ್ನು ಹಿಡಿದಿದ್ದ ಅವಳ ಕೈ ಬಿಡಲು ಒಪ್ಪುತ್ತಿರಲಿಲ್ಲ.

"ನನ್ನ ಹತ್ರ."